ವೇಟಿಂಗ್ ಚಾರ್ಜ್

ಮಡಗಾಂವದಿಂದ ಕಾಣಕೋಣದ ತನಕ
ಕಡಲಗುಂಟ ಹೋಗುವ ರಸ್ತೆಯ ತಿರುವುಗಳೆಲ್ಲ
ನನ್ನ ಮೊಣಕೈಗೆ ಬಾಯಿಪಾಠ.
ಅಸೋಳ್ಣೆಯ ಸೇತುವೆ, ಬೆತೂಲದ ಮೀನುವಾಸನೆ,
ಆಮೇಲೆ ಏರು.
ಕಾಬೊ ದೆ ರಾಮಾದ ಮುರಕಲ್ಲ ಬಯಲಿನಲ್ಲಿ
ಎಲ್ಲರೂ ನಿಲ್ಲಿಸಿ ಅನ್ನುತ್ತಾರೆ.
ನಿಲ್ಲಿಸುತ್ತೇನೆ.
ಅವರು ಸಮುದ್ರ ನೋಡುತ್ತಾರೆ,
ನಾನು ಟಯರು ನೋಡುತ್ತೇನೆ.

ಹನ್ನೊಂದು ವರ್ಷ.
ಕೊತಿಗಾಂವದ ಕಾಡಿನ ಗೇಟಿನೆದುರು
ಎಷ್ಟು ಸಲ ಸೀಟು ಬಾಗಿಸಿ ಮಲಗಿದ್ದೇನೋ.
ಒಳಗೆ ಹೋಗಿಬಂದವರ ಬೂಟಿನಿಂದಲೇ
ನನಗೆ ಆ ಕಾಡಿನ ಪರಿಚಯ:
ಕೆಂಪು ಕೆಸರಾದರೆ ಮಚಾನಿಗೆ ಹೋಗಿದ್ದರು,
ಕಪ್ಪಾದರೆ ಹಳ್ಳದ ತನಕ.
ಚಾಪೆ ತಿಕ್ಕುವಾಗ ಒಮ್ಮೆ
ಎರಡೆಲೆಯ ಸಸಿಯೊಂದು ಸಿಕ್ಕಿತ್ತು.
ಬಿಸಾಡಿದೆ. ಯಾಕೋ ಅದು ಮರೆತಿಲ್ಲ.

ಮೊನ್ನೆ ಬಂದವರು ಮುಂಬಯಿಯ ಪಾರ್ಸಿ ಬಾಯಿ,
ಫ್ರೇನಿ ಘಡಿಯಾಲಿ.
ಎಪ್ಪತ್ತು ದಾಟಿದ ವಯಸ್ಸು, ಬಲಮಂಡಿಗೆ ಪಟ್ಟಿ.
ಗೇಟಿನಲ್ಲಿ ಕೋಲೂರಿ ನಿಂತು
ನೀನೂ ಬಾ, ನನಗೊಂದು ಹೆಗಲು ಬೇಕು ಅಂದರು.
ಗಾಡಿ ಯಾರು ಕಾಯ್ತಾರೆ ಅಂದೆ.
ಮಂಗ ಕಾಯ್ತದೆ ಅಂದರು.

ಹತ್ತು ಹೆಜ್ಜೆ. ಬೆವರು ಬೇರೆ ಥರ ಬಂತು.
ಬೆಳಕು ಹಸಿರಾಗಿತ್ತು ಅಂತ ಹೇಳುತ್ತಾರೆ, ಇಲ್ಲ,
ಬಿಯರ್ ಬಾಟಲಿಯೊಳಗಿಂದ ನೋಡಿದಂತೆ, ಕಂದು.
ಕಿವಿಯಲ್ಲಿ ಮಾತ್ರ ಇನ್ನೂ ಕಡಲು.
ಕಡಲಲ್ಲ, ಜೀರುಂಡೆ,
ಅಂದ ದಾರಿ ತೋರುವ ಜಾನೂ ವೇಳಿಪ.

ಮರ ಮುಟ್ಟಿ ಮುಟ್ಟಿ ಹೆಸರು ಹೇಳುತ್ತ ಹೋದ
ಹಾಜರಿ ಕರೆಯುವ ಮಾಸ್ತರನ ಹಾಗೆ.
ಮೊಸಳೆಚರ್ಮದ ಮರಕ್ಕೆ ಮತ್ತಿ ಅಂದ.
ನಮ್ಮಲ್ಲೂ ಮತ್ತಿಯೇ, ಅಂದೆ.
ಗಡಿಯಲ್ಲಿ ಪರ್ಮಿಟ್ ಕೇಳದ ಹೆಸರು, ಒಂದಾದರೂ.
ಬೇಸಗೆಯಲ್ಲಿ ಇದರ ಹೊಟ್ಟೆಯಲ್ಲಿ ನೀರಿರುತ್ತದೆ, ಅಂದ.
ಬಾಯಿ ಕಿವಿ ಇಟ್ಟರು ತುಂಬ ಹೊತ್ತು.
ನನ್ನ ಮಷೀನೇ ಕೂಗ್ತಿದೆ, ಅಂತ ನಕ್ಕರು.

ಆಮೇಲೆ, ಕುದುರೆಬಾಲದಂಥ ಹೂಗೊನೆ
ಇಳಿಬಿಟ್ಟು ನಿಂತ ಒಂದು ಮರ.
ಭೆರ್ಲೊ ಮಾಡ್, ಅಂದ ಜಾನೂ.
ನನ್ನ ಬಾಯಿಂದ ತಾನಾಗಿ ಬಿತ್ತು: ಬೈನಿ.
ಅವ್ವ ಹಳಿಯಾಳದ ಕಾಡಂಚಿನವಳು,
ತಗಡಿನ ಮನೆಯಲ್ಲಿ ರೊಟ್ಟಿ ಬಡಿಯುತ್ತ
ಮರಗಳ ಹೆಸರು ಹೇಳುತ್ತಿದ್ದಳು,
ಸತ್ತ ಬಳಗವನ್ನು ನೆನೆಯುವ ಹಾಗೆ.

ಬೈನಾ? ಜಾನೂ ತಿರುಗಿದ.
ವಾಸ್ಕೋದ ಬೈನಾ? ನೀನು ಅಲ್ಲಿಯವನಾ?
ಹೌದು, ಅಂದೆ.
ಅದೂ ನಿಜವೇ.

ಬೈನಾದ ಮರಳ ಮೇಲೆ ನಮ್ಮದು ಹದಿನಾಲ್ಕು ತಗಡು.
ಬುಲ್‌ಡೋಜರು ಬಂದ ಬೆಳಿಗ್ಗೆ
ಅಪ್ಪ ಬಂದರಿನಲ್ಲಿ ಅದಿರಿನ ಪಾಳಿಯಲ್ಲಿದ್ದ.
ಅವ್ವ ಹೊರತಂದದ್ದು ಹಂಚು, ಯಲ್ಲಮ್ಮನ ಫೋಟೊ, ನನ್ನನ್ನು.
ಈ ಅನುಕ್ರಮದಲ್ಲೇ.
ಈಗ ಅಲ್ಲಿಂದ ಕಡಲು ಚೆನ್ನಾಗಿ ಕಾಣುತ್ತದಂತೆ.
ಆ ಕಡೆ ಬಾಡಿಗೆ ನಾನು ಒಪ್ಪುವುದಿಲ್ಲ.

ಇವನ್ಯಾವುದನ್ನೂ ಹೇಳಲಿಲ್ಲ.
ಜಾನೂ ಮರದ ಮಾತಿಗೆ ಮರಳಿದ್ದ:
ಒಂದೇ ಸಲ ಹೂ ಬಿಡುತ್ತದೆ ಇದು, ನೆತ್ತಿಯಿಂದ ಶುರು,
ಗೊನೆ ಗೊನೆಯಾಗಿ ಕೆಳಗಿಳಿಯುತ್ತ
ಕಡೆಯ ಗೊನೆಯ ಹೊತ್ತಿಗೆ ಮರವೇ ಮುಗಿಯುತ್ತದೆ.
ಎಷ್ಟು ವರ್ಷ ಬೇಕು? ಬಾಯಿ ಕೇಳಿದರು.
ಅದಕ್ಕೇನೂ ಅವಸರವಿಲ್ಲ, ಅಂದ.

ಹೆಗಲ ಮೇಲಿನ ಕೈ ಸ್ವಲ್ಪ ಭಾರವಾಯಿತು.
ಮುಂದೆ ಯಾರೂ ಮಾತಾಡಲಿಲ್ಲ.
ಹಳ್ಳದ ಹತ್ತಿರ ನನ್ನ ಹಿಮ್ಮಡಿಗೆ ಜಿಗಣೆ ಹತ್ತಿತ್ತು,
ಬಾಯಿ ಚೀಲದಿಂದ ಉಪ್ಪಿನ ಪೊಟ್ಟಣ ತೆಗೆದರು,
ವಿಮಾನದ ಊಟದಲ್ಲಿ ಕೊಟ್ಟಿದ್ದಂತೆ.

ತಳಪಣ ನದಿ ದಾಟುವಾಗ ಸಂಜೆ.
ವೇಟಿಂಗ್ ಎಷ್ಟಾಯ್ತಪ್ಪ? ಪರ್ಸು ತೆರೆದರು.
ಮೂರು ತಾಸು ಹತ್ತು ನಿಮಿಷ.
ತಾಸಿಗೆ ನೂರಿಪ್ಪತ್ತು, ಲೆಕ್ಕ ನನಗೆ ಸಲೀಸು.
ಆದರೆ ಇವತ್ತು ಕಾದವರು ಯಾರು?
ಕನ್ನಡಿಯಲ್ಲಿ ಅವರೂ ಅದನ್ನೇ ಕೇಳಿಕೊಳ್ಳುತ್ತಿದ್ದಂತೆ ಕಂಡಿತು,
ಅಥವಾ ನಿದ್ದೆ ಬರುತ್ತಿತ್ತೇನೋ.
ಬಿಲ್ಲಿನಲ್ಲಿ ಆ ಸಾಲು ಖಾಲಿ ಬಿಟ್ಟೆ.

ರಾತ್ರಿ ನೀರು ಹಿಡಿದು ಚಾಪೆ ತೆಗೆದರೆ
ಡ್ರೈವರ್ ಕಡೆಯದೂ ಕೆಸರಾಗಿತ್ತು.
ಬೆಟರಿ ಹಿಡಿದು ನೋಡಿದೆ.
ಕಪ್ಪು.
ಹಳ್ಳದ ತನಕ ಹೋಗಿದ್ದರು.